ಜಗಲಿಗೆ ಎಳೆದ ವಯರು

"ನಿಲ್ಸು ಅದನ್ನ. ಇದು ಅವ್ವನ ದನಿ ಅಲ್ಲ."

"ಮತ್ತೆ ಯಾರದು? ನಿಮ್ಮತ್ತೇದಾ?"

"ಸತ್ತೋಳನ್ನ ಯಾಕೆ ಎಳಿತೀಯ ಮಾಸ್ತ? ತಗಡಿನ ಡಬ್ಬದಲ್ಲಿ ಜೇನುಹುಳ ಕೂಡಿಟ್ಟಂಗೆ ಅದೆ ನಿನ್ನ ಮಶೀನು. ಅವ್ವ ಹಿಂಗೆ ಹಾಡ್ತಿದ್ಲಾ? ಅವಳ ಮಗ್ಗುಲಲ್ಲಿ ಕೂತು ಸೊಲ್ಲು ಹಿಡಿದೋಳು ನಾನು. ನಂಗೆ ಹೇಳ್ಕೊಡ್ತೀಯಾ?"

"ಹಂಗಾದ್ರೆ ಎದ್ದು ಹೋಗು. ಕೇಳು ಅಂತ ನಾನೇನು ನಿನ್ನ ಕಾಲು ಹಿಡಿದಿದ್ನಾ?"

"ಹೋಗ್ತೀನಿ. ಹೊಸನಗರಕ್ಕೇ ಹೋಗ್ತೀನಿ. ಒಡೇರ ಮನೆ ದೊಡ್ಡ ಮಶೀನಲ್ಲಿ ಅವ್ವ ಇದ್ದಾಳೆ. ಅದನ್ನ ಕೇಳ್ಸು ಅಂದ್ರೆ ಈ ಡಬ್ಬ ತಿರುಗಿಸ್ಕಂಡು ಕೂತಿದಾನೆ."

ಮಾಸ್ತಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಎಸೆದ. ಅದು ಉರುಳಿ, ಯಾರದೋ ರಿಪೇರಿ ರೇಡಿಯೋಕ್ಕೆ ತಾಗಿ ನಿಂತಿತು. ಎದುರಿನ ಬಟ್ಟೆ ಅಂಗಡಿಯ ಶಂಭು ಅಳತೆಕೋಲು ಹಿಡಿದವನು ಹಾಗೇ ಇತ್ತ ತಿರುಗಿದ. ಸಾಗರದ ಪೇಟೆಯಲ್ಲಿ ಮಾಸ್ತಪ್ಪನ ಸಿಟ್ಟನ್ನು ನೋಡುವುದೆಂದರೆ ಜನಕ್ಕೆ ಒಂದು ಪುಕ್ಕಟೆ ಆಟ. ಅಕ್ಕ ಕೆರಿಯಮ್ಮ ಅಂಗಡಿಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಅವಳ ಪಕ್ಕದಲ್ಲಿ ಊರಿನಿಂದ ತಂದ ಬಟ್ಟೆಯ ಚೀಲ. ತಿರುಗುತ್ತಿದ್ದ ಟೇಪನ್ನು ಅವನು ನಿಲ್ಲಿಸಿದ. ಅವ್ವನ ದನಿ ನಿಂತಿತು. ಆದರೆ ಗುಂಯ್ ಎನ್ನುವ ಸದ್ದು ನಿಲ್ಲಲಿಲ್ಲ, ಅದಕ್ಕೆ ಟೇಪು ತಿರುಗಲೇಬೇಕೆಂದಿಲ್ಲ, ಮಶೀನಿಗೆ ಕರೆಂಟು ಇದ್ದರೆ ಸಾಕು. ಇಷ್ಟು ದಿನ ಈ ಸದ್ದು ಅವನಿಗೆ ಕೇಳಿಸುತ್ತಿರಲಿಲ್ಲ. ಹೊಳೆಯ ಪಕ್ಕ ಮನೆ ಮಾಡಿದವನಿಗೆ ಹೊಳೆ ಕೇಳಿಸುತ್ತದೆಯೇ? ಅಕ್ಕ ಜೇನುಹುಳ ಎಂದಮೇಲೆ ಬೇರೇನೂ ಕೇಳಿಸದಾಯಿತು.

ಟೂರಿಂಗ್ ಟಾಕೀಸಿನವನೊಬ್ಬ ಬಿಟ್ಟುಹೋದ ಮಶೀನು ಅದು. ಒಳಗೆ ದೀಪದಂಥ ಮೂರೇ ವಾಲ್ವು. ಹಾಡು ಹಿಡಿಯುವುದಕ್ಕೂ ಅದೇ ವಾಲ್ವು, ಹಿಡಿದದ್ದನ್ನು ತಿರುಗಿ ಹೇಳುವುದಕ್ಕೂ ಅದೇ. ಒಬ್ಬಳೇ ಸೊಸೆ ನೀರೂ ತಂದು, ಅಡಿಗೆಯನ್ನೂ ಮಾಡಿ, ಸಗಣಿಯನ್ನೂ ಬಾಚಿದ ಹಾಗೆ. ಟ್ರಾನ್ಸ್‌ಫಾರ್ಮರನ್ನು ಟೇಪು ಓಡುವ ಹೆಡ್ಡಿನ ಮಗ್ಗುಲಲ್ಲೇ ಕೂರಿಸಿ ಮೇಲೆ ತೆಳು ಹಲಗೆ ಮುಚ್ಚಿದ್ದರು, ಅದರ ಗುಂಗು ಹಾಡಿನೊಳಕ್ಕೆ ಇಳಿಯದೆ ಎಲ್ಲಿಗೆ ಹೋದೀತು? ಸೋಪಿನ ತುಂಡಿನಂಥ ಮೈಕು. ಆದರೂ ಇದೇ ಮಶೀನಿನಿಂದ ಅವನು ಮದುವೆ ಮನೆಗಳಲ್ಲಿ ದೊಡ್ಡವನಾಗಿದ್ದ. ಗಂಡು ಹೆಣ್ಣಿನ ಬೀಗರು ತಮ್ಮ ದನಿಯನ್ನು ತಾವೇ ಕೇಳಿ ಬಾಯಿಗೆ ಸೆರಗು, ಶಲ್ಯ ಮುಚ್ಚಿಕೊಂಡು ನಗುತ್ತಿದ್ದರು. ಯಾರೂ ಜೇನುಹುಳ ಎಂದಿರಲಿಲ್ಲ. ಹೊಸನಗರದ ತಿಮ್ಮಣ್ಣ ಹೆಗಡೆಯವರ ಮನೆಗೆ ಆ ಜರ್ಮನಿ ಮಶೀನು ಬರುವವರೆಗೆ ಅವನಿಗೂ ಗೊತ್ತಿರಲಿಲ್ಲ.

"ನಾಳೆ ಹೋಗಣ," ಎಂದ. ತನ್ನ ದನಿ ಇಷ್ಟು ಬೇಗ ತಗ್ಗಿದ್ದು ಅವನಿಗೇ ಆಶ್ಚರ್ಯವಾಯಿತು. "ನಾನು ಮೊದಲ ಬಸ್ಸಿಗೆ ಹೋಗಿರ್ತೀನಿ. ಅದನ್ನ ತಯಾರು ಮಾಡ್ಬೇಕು, ವಾಲ್ವು ಬಿಸಿ ಆಗ್ಬೇಕು. ನೀನು ಆಮೇಲಿನ ಬಸ್ಸಿಗೆ ಬಾ."

"ಅಷ್ಟು ಹೊತ್ತು ಬೇಕಾ ಬಿಸಿ ಆಗಕ್ಕೆ? ಬಾಣಂತಿ ನೀರಾ ಅದು?"

"ನಿಂಗೆ ಗೊತ್ತಾಗದಿಲ್ಲ ಬಿಡು."

ಕೆರಿಯಮ್ಮ ಅವನ ಮುಖವನ್ನೇ ನೋಡಿದಳು. ಅವ್ವನ ನೋಟವೂ ಹೀಗೇ, ನೋಡಿದ್ದನ್ನು ಹೇಳುತ್ತಿರಲಿಲ್ಲ. ಶರಾವತಿಯ ನೀರು ಏರಿ ಅವರ ಊರು ಮುಳುಗಿದಾಗ ಅವ್ವ ಸಾಗರಕ್ಕೆ ಬರಲಿಲ್ಲ, ಮಗಳ ಮನೆಗೆ ಹೋದಳು. ಯಾಕೆ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಶ್ರಾವಣದಲ್ಲಿ ಜ್ವರ ಬಂದು ಸತ್ತಳು. ಅವಳದೆಂದು ಒಂದು ಪಟವೂ ಇಲ್ಲ. ಇರುವುದು ದನಿಯೊಂದೇ, ಎರಡು ಮಶೀನುಗಳಲ್ಲಿ, ಎರಡು ಥರ. "ಆತು," ಎಂದಳು ಕೆರಿಯಮ್ಮ. "ಚೀಲ ನಿಮ್ಮನೇಲೇ ಇರ್ಲಿ. ಸಂಜಿಗೆ ವಾಪಸ್ ಬಂದು ಎರಡು ದಿನ ಇದ್ದು ಹೋಗ್ತೀನಿ. ಒಂದು ಸಲ ಅವಳ ದನಿ ಸರಿಯಾಗಿ ಕೇಳಿಬಿಟ್ರೆ ನಂಗೆ ನಿನ್ನ ಹತ್ರ ಬೇರೆ ಎಂಥದೂ ಬ್ಯಾಡ."

ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಜೇಬಿನಲ್ಲಿದ್ದ ಬ್ಲೇಡನ್ನು ಮುಟ್ಟಿ ನೋಡಿಕೊಂಡ. ಕಾಗದ ಬಿಚ್ಚಿರದ ಹೊಸ ಬ್ಲೇಡು. ಇದರಲ್ಲಿ ತಪ್ಪೇನು? ಟೇಪನ್ನು ಕತ್ತರಿಸಿ ಅಂಟಿಸುವುದು ಅವನ ಕಸುಬು. ಮದುವೆಯ ಟೇಪಿನಲ್ಲಿ ಕುಡಿದವನೊಬ್ಬ ಬೈದಿದ್ದರೆ ಅದನ್ನು ತೆಗೆದು ಕೊಡುವುದಿಲ್ಲವೇ? ಹಾಡು ಹಾಗೇ ಇರುತ್ತದೆ. ಬೇಡದ್ದು ಹೋಗುತ್ತದೆ. ಅಕ್ಕನಿಗೂ ಒಳ್ಳೆಯದೇ, ಹೆಗಡೆಯವರ ಮನೆಯವರ ಎದುರಿಗೆ ಅದು ಕೇಳಿಸಿದರೆ ಅವಳಿಗೂ ನಾಚಿಕೆಯಲ್ಲವೇ? ಬಸ್ಸು ಏರಿನಲ್ಲಿ ಏದುಸಿರು ಬಿಟ್ಟಿತು. ಮುಂದಿನ ಸೀಟಿನಲ್ಲಿ ಮುದುಕಿಯೊಬ್ಬಳು ಬಾಯಾರಿಕೆ ತಾಳಲಾರದೆ ಕಂಡಕ್ಟರನ ಹತ್ತಿರ ನೀರು ಕೇಳಿದಳು. ಮಾಸ್ತಪ್ಪ ತಟ್ಟನೆ ಹೊರಗೆ ನೋಡಿದ.

ಅವ್ವ ಹಾಡಿದ ಆವತ್ತು ಬೇಸಿಗೆಯ ನಡುಹಗಲು. ಹೆಗಡೆಯವರದು ಅಕ್ಕಿ ಗಿರಣಿ, ಗಿರಣಿ ಓಡುವಾಗ ಕರೆಂಟು ಸೊರಗುತ್ತದೆ. ಹಾಗೆ ಸೊರಗಿದಾಗ ಮಾಸ್ತಪ್ಪನ ಮಶೀನಿನಲ್ಲಿ ಹಾಡುವವರ ದನಿ ಕೋಣದ ಹಾಗೆ ಇಳಿದುಬಿಡುತ್ತದೆ. ಜರ್ಮನಿ ಮಶೀನು ಇಳಿಯುವುದಿಲ್ಲ, ಆದರೂ ಬೇಡ ಎಂದು ಹೆಗಡೆಯವರು ಮಧ್ಯಾಹ್ನ ಗಿರಣಿ ನಿಲ್ಲಿಸಿದ್ದರು. ಹಳೆಯ ಹಾಡುಗಳನ್ನು ಹಿಡಿದಿಡುವ ಹುಚ್ಚು ಅವರಿಗೆ. ಒಳ್ಳೆಯ ಹುಚ್ಚೇ. "ನಿನ್ನ ತಾಯಿಯಂಥ ಕಂಠ ಈ ಸೀಮೆಯಲ್ಲೇ ಇಲ್ಲ ಮಾಸ್ತಪ್ಪ, ಕರ್ಕೊಂಡು ಬಾ," ಎಂದಿದ್ದರು. ಅವನು ಕರೆದುಕೊಂಡು ಹೋದ. ಅವ್ವ, ಅಕ್ಕ ಇಬ್ಬರೂ ಬಂದವರೇ ಜಗಲಿಯ ಹೊರ ಅಂಚಿನಲ್ಲಿ ಕೂತರು. ಅಲ್ಲಿ ಕೂರಿ ಎಂದು ಯಾರೂ ಹೇಳಲಿಲ್ಲ. ಒಳಗೆ ಬನ್ನಿ ಎಂದೂ ಯಾರೂ ಹೇಳಲಿಲ್ಲ. ಮಶೀನು ಒಳಗಿನ ಕೋಣೆಯಲ್ಲಿ, ಪ್ಲಗ್ ಪಾಯಿಂಟು ಇದ್ದಲ್ಲಿ. ಮೈಕಿನ ವಯರನ್ನು ಕಿಟಕಿಯ ಸರಳುಗಳ ನಡುವೆ ಜಗಲಿಗೆ ಎಳೆದವನು ಮಾಸ್ತಪ್ಪನೇ. ತನ್ನ ಮಶೀನನ್ನೂ ಹೊತ್ತು ತಂದಿದ್ದ. ಅದರ ವಯರನ್ನೂ ಎಳೆದು, ಸೋಪಿನ ತುಂಡಿನಂಥ ಮೈಕನ್ನು ಹೆಗಡೆಯವರ ಬೆಳ್ಳಿಯಂಥ ಮೈಕಿನ ಪಕ್ಕ ಇಟ್ಟ. ಎರಡೂ ಒಂದೇ ಹಾಡು ಹಿಡಿಯಲಿ, ಅಂಥ ವ್ಯತ್ಯಾಸವೇನು ನೋಡೋಣ ಎಂಬ ಹಟ. "ಎರಡು ಯಾಕೋ? ನಂಗಿರೋದು ಒಂದೇ ಬಾಯಿ," ಎಂದು ಅವ್ವ ನಕ್ಕಿದ್ದಳು. ಆಮೇಲೆ ಅವನು ಚಪ್ಪಲಿ ಬಿಟ್ಟು ಕಾಲು ತೊಳೆದು ಒಳಗೆ ಹೋದ. ಮೆಕ್ಯಾನಿಕ್ಕಿಗೆ ಒಳಗೆ ಕೆಲಸವಿತ್ತು. ಹೆಗಡೆಯವರ ಹೆಂಡತಿ ವಾಗ್ದೇವಮ್ಮ ಅವನಿಗೆಂದೇ ಇಟ್ಟ ಗಾಜಿನ ಲೋಟದಲ್ಲಿ ಕಾಫಿ ಕೊಟ್ಟಳು. ಕುಡಿದ ಲೋಟವನ್ನು ಅವನು ತಾನೇ ತೊಳೆದು ಕಿಟಕಿಯ ಕಟ್ಟೆಯ ಮೇಲೆ ಕವುಚಿಡುತ್ತಿದ್ದ. ಯಾರೂ ಹೇಳಿರಲಿಲ್ಲ. ಹೇಳಿಸಿಕೊಳ್ಳುವ ಮೊದಲೇ ತೊಳೆಯುವುದು ಲೇಸು.

ಹೆಗಡೆಯವರು ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು ಅವನ ತಲೆಗೇ ಏರಿಸಿದ್ದರು. ಮೊದಲು ಅವನಿಗೆ ಮಶೀನು ಕೆಟ್ಟಿದೆ ಅನ್ನಿಸಿತು. ಅಷ್ಟು ನಿಶ್ಶಬ್ದ. ಆ ಮೈಕಿನ ಹೊಟ್ಟೆಯೊಳಗೇ ಒಂದು ಪುಟ್ಟ ವಾಲ್ವು, ಅದಕ್ಕೆಂದೇ ಬೇರೆ ಕರೆಂಟಿನ ಪೆಟ್ಟಿಗೆ. ಟ್ರಾನ್ಸ್‌ಫಾರ್ಮರಿಗೆ ಲೋಹದ ಡಬ್ಬಿ ಮುಚ್ಚಿ ದೂರದ ಮೂಲೆಯಲ್ಲಿ ಕೂರಿಸಿದ್ದರು. ಹಿಡಿಯುವುದಕ್ಕೆ ಬೇರೆ ವಾಲ್ವು, ಹೇಳುವುದಕ್ಕೆ ಬೇರೆ. ಗುಂಗು ಇಲ್ಲ. ಆ ಇಲ್ಲದ ಜಾಗದಲ್ಲಿ ಒಂದೊಂದಾಗಿ ಎಲ್ಲ ಬಂದು ಕೂತವು. ಜಗಲಿಯ ಕಂಬದ ಮೇಲೆ ಕಣಜದ ಹುಳ ಕೂತದ್ದು, ಅಕ್ಕನ ಬಳೆ, ಅವ್ವ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡದ್ದು, ಅವಳು ಉಸಿರು ಎಳೆದದ್ದು. ನಲವತ್ತು ದಾಟಿದ ಗಂಡಸಿಗೆ ತಾಯಿಯ ಉಸಿರು ಇಷ್ಟು ಹತ್ತಿರದಲ್ಲಿ ಕೇಳಿಸಬಾರದು. ಮದುವೆಯ ಹಸೆಯ ಹಾಡು ಶುರುವಾಯಿತು. ಅವ್ವ ಎತ್ತಿದಳು, ಅಕ್ಕ ಸೊಲ್ಲು ಹಿಡಿದಳು. ಮೊದಲ ಹಾಡು ಮುಗಿಯಿತು. ಒಳಗೆ ಕೆಂಪು ದೀಪ ಉರಿಯುತ್ತಲೇ ಇತ್ತು, ಜಗಲಿಯಲ್ಲಿದ್ದವರಿಗೆ ಅದು ಕಾಣುವಂತಿರಲಿಲ್ಲ. ಆಗ ಅವ್ವ ಮಾತಾಡಿದಳು, ಮೆಲ್ಲಗೆ, ಮಗಳಿಗೆ ಮಾತ್ರ ಎಂದುಕೊಂಡು: "ಕೆರಿ, ಗಂಟಲು ಒಣಗ್ತದೆ ಕಣೆ. ಒಂದು ಗುಟುಕು ನೀರು ಸಿಕ್ಕಿದ್ರೆ ಆಗಿತ್ತು." ಅಕ್ಕ, "ಮಾಸ್ತನ್ನ ಕರೀಲಾ?" ಎಂದಳು. "ಬ್ಯಾಡ ಬ್ಯಾಡ. ಅವನು ಒಳಗೆ ಕೂತಾನೆ. ಹೊರಗಿರೋ ನಂಗೆ ನೀರು ಕೇಳಿದ್ರೆ ಅವನಿಗೆ ಸಣ್ಣತನ ಆಗ್ತದೆ. ಕಿವಿಗೆ ಬೇರೆ ಎಂಥದೋ ಕಟ್ಕಂಡಾನೆ, ಅವನಿಗೆ ಕೇಳ್ಸದಿಲ್ಲ ಬಿಡು."

ಕೇಳಿಸಿತ್ತು. ಅವನ ಎರಡೂ ಕಿವಿಗಳೊಳಗೆ ಅವಳು ಬಾಯಿಟ್ಟು ಹೇಳಿದ ಹಾಗೆ ಕೇಳಿಸಿತ್ತು. ಎದುರಿಗೆ ಅವನು ಕಾಫಿ ಕುಡಿದ ಲೋಟ ಕವುಚಿತ್ತು. ಎದ್ದು ನೀರು ಕೇಳಿದರೆ ವಾಗ್ದೇವಮ್ಮ ಕೊಡುತ್ತಿದ್ದಳು, ಇಲ್ಲ ಎನ್ನುವ ಹೆಂಗಸಲ್ಲ. ತಂಬಿಗೆ ತಂದು, ಜಗಲಿಯ ಮೇಲೆ ನಿಂತು, ಮೇಲಿನಿಂದ ಅವ್ವನ ಬೊಗಸೆಗೆ ಹೊಯ್ಯುತ್ತಿದ್ದಳು. ಅವ್ವ ತಲೆ ತಗ್ಗಿಸಿ, ಮೊಣಕೈ ತನಕ ನೀರು ಇಳಿಸಿಕೊಂಡು ಕುಡಿಯುತ್ತಿದ್ದಳು. ಹೆಗಡೆಯವರು ನೋಡುತ್ತಿದ್ದರು. ತಾನು ಗಾಜಿನ ಲೋಟದ ಪಕ್ಕ ನಿಂತು ನೋಡುತ್ತಿದ್ದ. ಅಷ್ಟೇ. ಅದಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ. ಆದರೆ ಅವನು ಏಳಲಿಲ್ಲ. ಹಸೆಯ ಹಾಡು ಹಿಡಿದ ಮೇಲೆ ಮುಗಿಸುವ ತನಕ ಏಳಬಾರದೆಂಬುದು ಅವ್ವನ ನೇಮ, ಅದನ್ನು ಮುರಿಯಬಾರದು ಎಂದು ತನಗೆ ತಾನೇ ಹೇಳಿಕೊಂಡ. ಟೇಪು ಓಡುತ್ತಿದೆ, ಹಾಳಾಗಬಾರದು ಎಂದುಕೊಂಡ. ಹೆಗಡೆಯವರು ಕಣ್ಣಿನಲ್ಲೇ ಹೇಗಿದೆ ಎಂದು ಕೇಳಿದಾಗ ಹೆಬ್ಬೆರಳೆತ್ತಿ ತೋರಿಸಿದ. ಅವ್ವ ಮುಂದಿನ ಹಾಡು ಎತ್ತಿದಳು.

ಆವತ್ತು ಮನೆಗೆ ಹೋಗಿ ತನ್ನ ಮಶೀನಿನ ಟೇಪು ಹಾಕಿ ಕೇಳಿದ್ದ. ಆ ಜಾಗದಲ್ಲಿ ಗುಂಗು ಮಾತ್ರ ಇತ್ತು. ಅದರ ಅಡಿಯಲ್ಲಿ ಏನೋ ಮಿಸುಕಿದ ಹಾಗೆ, ಗೋಣಿಯ ಕೆಳಗೆ ಇಲಿ ಓಡಿದ ಹಾಗೆ. ಮಾತಿಲ್ಲ. ಅಗ್ಗದ ಮಶೀನಿಗೆ ಅವನು ಆವತ್ತು ಕೈ ಮುಗಿಯುವುದೊಂದು ಬಾಕಿ.

ಅವನು ಹೊಸನಗರದಲ್ಲಿ ಬಸ್ಸಿಳಿದು ಹೋದಾಗ ಹೆಗಡೆಯವರು ಗಿರಣಿಗೆ ಹೊರಟು ನಿಂತಿದ್ದರು. "ನಿನ್ನ ಅಕ್ಕ ಬರ್ತಾಳಾ? ಬರಲಿ, ಬರಲಿ. ನಾನೂ ಮಧ್ಯಾಹ್ನ ಬಂದು ಕೇಳ್ತೇನೆ. ನಿನ್ನ ತಾಯಿಯ ಹಾಡು ಬಿಟ್ಟು ಬೇರೆ ಯಾವ ಟೇಪು ಹಾಕಿದ್ರೂ ಮನಸ್ಸಿಗೆ ಹಿಡಿಸೋದಿಲ್ಲ ಮಾರಾಯ," ಎಂದರು. ಅವರು ಹಾಡುಗಳನ್ನು ಮಾತ್ರ ಕೇಳುವವರು. ಹಾಡು ಹಾಡಿನ ನಡುವೆ ಎದ್ದು ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ಅದು ಅವನ ಪುಣ್ಯ. ಕೋಣೆಯಲ್ಲಿ ಒಬ್ಬನೇ ಉಳಿದಮೇಲೆ ಅವನು ಮಶೀನು ಹಚ್ಚಿದ. ವಾಲ್ವುಗಳು ನಿಧಾನಕ್ಕೆ ಕೆಂಪಗಾದವು. ಆ ಮಾತಿನ ಜಾಗ ಹುಡುಕಲು ಟೇಪಿನ ಚಕ್ರಗಳೆರಡನ್ನೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಬೇಕು. ಹಾಗೆ ತಿರುಗಿಸಿದಾಗ ಮಾತು ಮಾತಾಗಿರುವುದಿಲ್ಲ. ಅವ್ವ ಗಂಟಲಿನ ಆಳದಿಂದ ನರಳಿದಳು. ಹಿಂದಕ್ಕೆ ಎಳೆದರೆ ಅದನ್ನೇ ನುಂಗಿಕೊಂಡಳು. ಜ್ವರದ ಕೊನೆಯ ದಿನ ಅವಳು ಹೀಗೆ ನರಳಿದ್ದಳಂತೆ, ಅಕ್ಕ ಹೇಳಿದ್ದಳು, ಅವನು ಇರಲಿಲ್ಲ. ಇನ್ನೊಮ್ಮೆ ತಿರುಗಿಸಿದ, "ಕೆರಿ" ಎನ್ನುವುದರ ತುದಿ ಸಿಕ್ಕಿತು. ಪೆನ್ಸಿಲಿನಿಂದ ಗುರುತು ಮಾಡಿದ.

ಅವನ ಮಶೀನಿನಲ್ಲಿ ಟೇಪು ಆಮೆಯ ಹಾಗೆ ಓಡುತ್ತದೆ. ಅಲ್ಲಾಗಿದ್ದರೆ ಇಷ್ಟು ಮಾತು ಒಂದೆರಡು ಮಾರಿನಲ್ಲಿ ಮುಗಿಯುತ್ತಿತ್ತು. ಇದು ಬೇಗ ಓಡುವ ಮಶೀನು, ಬೇಗ ಓಡಿದಷ್ಟೂ ದನಿ ಚೆನ್ನ, ದನಿ ಚೆನ್ನಾದಷ್ಟೂ ಟೇಪು ಉದ್ದ. ಅವನು ಎಳೆದ, ಎಳೆದ. ಕಂದು ಬಣ್ಣದ ಟೇಪು ಮೊಣಕಾಲ ಮೇಲೆ, ನೆಲದ ಮೇಲೆ, ಪಾದದ ಸುತ್ತ ಸುರುಳಿ ಬಿದ್ದಿತು. ಒಂದು ಗುಟುಕು ನೀರಿನ ಮಾತು ಇಷ್ಟುದ್ದ ಇರುತ್ತದೆಯೇ? ಎಲ್ಲೋ ನಡುವೆ ತನ್ನ ಹೆಸರಿತ್ತು. ಯಾವ ಗೇಣಿನಲ್ಲಿ ಎಂದು ಕಣ್ಣಿಗೆ ಕಾಣುವುದಿಲ್ಲ. ಬ್ಲೇಡಿನಿಂದ ಎರಡು ಕಡೆ ಓರೆಯಾಗಿ ಕತ್ತರಿಸಿದ. ತುದಿ ಕೂಡಿಸಿ ಅಂಟಿಸಿ ಉಗುರಿನಿಂದ ತಿಕ್ಕಿದ. ನೆಲದ ಮೇಲೆ ಉಳಿದದ್ದನ್ನು ಮುದ್ದೆ ಮಾಡಿ ಅಂಗಿಯೊಳಗೆ ಇಟ್ಟುಕೊಂಡು ಹಿತ್ತಲಿಗೆ ಹೋದ. ಬಚ್ಚಲ ಒಲೆಯಲ್ಲಿ ಇನ್ನೂ ಬೆಂಕಿ ಇತ್ತು. ಹಾಕಿದ ಕೂಡಲೆ ಅದು ಜೀವ ಬಂದ ಹಾಗೆ ಮುದುರಿ, ಎದ್ದು, ಕರಗಿತು.

"ಎಂತದೇ ಅದು ವಾಸನೆ?" ಒಳಗಿನಿಂದ ಹೆಗಡೆಯವರ ಮುದಿ ತಾಯಿ ಕೇಳಿದರು.

"ಎಂತೊ ಗೊತ್ತಿಲ್ಲೆ. ಮಾಸ್ತಪ್ಪ ಎಂತೋ ರಿಪೇರಿ ಮಾಡ್ತಾ ಇದ್ದ," ಎಂದಳು ವಾಗ್ದೇವಮ್ಮ.

ಕೆರಿಯಮ್ಮ ಬಂದಾಗ ಗಿರಣಿ ನಿಂತಿತ್ತು, ಹೆಗಡೆಯವರೂ ಬಂದು ಒಳಗಿನ ಕೋಣೆಯಲ್ಲಿ ಕೂತಿದ್ದರು. ಅವಳು ಜಗಲಿಯ ಅದೇ ಅಂಚಿನಲ್ಲಿ ಕೂತಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತದ್ದನ್ನು ಮಾಸ್ತಪ್ಪ ಕಿಟಕಿಯ ಸರಳುಗಳ ಹಿಂದಿನಿಂದ ನೋಡಿದ. ಸ್ಪೀಕರಿನ ಪೆಟ್ಟಿಗೆಯನ್ನು ಕಿಟಕಿಯ ಕಟ್ಟೆಯ ಮೇಲೆ, ಹೊರಮುಖವಾಗಿ ಇಟ್ಟ. "ಹಾಕ್ಲಾ ಅಕ್ಕ?" ಎಂದ. ಅವಳು ತಲೆ ಮೇಲೆ ಸೆರಗು ಎಳೆದುಕೊಂಡಳು. ದೇವರ ಎದುರು ಎಳೆದುಕೊಳ್ಳುವ ಹಾಗೆ.

ಹಾಡು ಬಂತು. ಕೆರಿಯಮ್ಮ ಬೆಚ್ಚಿ ಪಕ್ಕಕ್ಕೆ ತಿರುಗಿ ನೋಡಿದಳು, ಆ ಖಾಲಿ ಜಾಗವನ್ನು. ಆಮೇಲೆ ಅವಳ ಕಣ್ಣಿನಿಂದ ಸುಮ್ಮನೆ ನೀರು ಇಳಿಯತೊಡಗಿತು, ಒರೆಸಿಕೊಳ್ಳಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಟೇಪಿನಲ್ಲಿ ತಾನು ಹಿಡಿದ ಸೊಲ್ಲನ್ನು ಈಗಲೂ ಹಿಡಿಯುತ್ತಿದ್ದಳು. ಮಾಸ್ತಪ್ಪನಿಗೆ ಎದೆ ಹಗುರಾಯಿತು. ಇಷ್ಟು ಸಾಕು, ಇದಕ್ಕೇ ಅಲ್ಲವೇ ಬಂದದ್ದು? ಮೊದಲ ಹಾಡು ಮುಗಿಯಿತು. ಕೆರಿಯಮ್ಮ ಹಾಡುವುದನ್ನು ನಿಲ್ಲಿಸಿ ಮುಂದಕ್ಕೆ ಬಾಗಿದಳು. ಕಿವಿಯ ಹಿಂದೆ ಸೆರಗು ಸರಿಸಿದಳು. ಅಂಟು ಹಾಕಿದ ಜಾಗ ಹೆಡ್ಡಿನ ಮೇಲೆ ಹಾದುಹೋಯಿತು, ಟಕ್ ಎನ್ನುವ ಸದ್ದು ಸಹ ಬರಲಿಲ್ಲ, ಅಷ್ಟು ಚೆನ್ನಾಗಿ ಮಾಡಿದ್ದ. ಎರಡನೆಯ ಹಾಡು ನೇರ ಶುರುವಾಯಿತು.

ಅವನು ಎಣಿಸದೆ ಇದ್ದದ್ದು ಆಗ ಕೇಳಿಸಿತು. ಎರಡನೆಯ ಹಾಡಿನಲ್ಲಿ ಅವ್ವನ ನಾಲಿಗೆ ಅಂಗುಳಿಗೆ ಅಂಟಿ ಅಂಟಿ ಬಿಡುತ್ತಿತ್ತು. ಪ್ರತಿ ಸಾಲಿನ ಕೊನೆಗೆ, ಅಕ್ಕ ಸೊಲ್ಲು ಹಿಡಿದಾಗ, ಅವಳು ಇಲ್ಲದ ಎಂಜಲನ್ನು ನುಂಗುತ್ತಿದ್ದಳು. ಮೂರನೆಯದರಲ್ಲಿ ದನಿ ಎರಡು ಕಡೆ ಸೀಳಿತು, ಒಮ್ಮೆ ಕೆಮ್ಮನ್ನು ತಡೆದುಕೊಂಡಳು. ಅದಾದ ಮೇಲೆ ಇನ್ನೂ ಹಾಡುಗಳಿದ್ದವು. ಅವನ ಮಶೀನು ಇದೊಂದನ್ನೂ ಹಿಡಿದಿರಲಿಲ್ಲ. ಈ ಮಶೀನು ಒಂದನ್ನೂ ಬಿಟ್ಟಿರಲಿಲ್ಲ. ಬಾಯಾರಿಕೆಯ ಮಾತನ್ನು ತೆಗೆಯಬಹುದು, ಬಾಯಾರಿಕೆಯನ್ನು ತೆಗೆಯಬೇಕಾದರೆ ಅಷ್ಟು ಹಾಡನ್ನೂ ಒಲೆಗೆ ಹಾಕಬೇಕಿತ್ತು. ಹೆಗಡೆಯವರು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ, "ಎಂಥ ಭಾವ ನೋಡು ಮಾಸ್ತಪ್ಪ, ಗಂಟಲು ತುಂಬಿ ಬಂದಿದೆ," ಎಂದರು.

"ನಿಲ್ಸು," ಎಂದಳು ಕೆರಿಯಮ್ಮ ಹೊರಗಿನಿಂದ.

ಅವನು ನಿಲ್ಲಿಸಿದ. ನಿಶ್ಶಬ್ದ. ಗುಂಗು ಇಲ್ಲದ ಮಶೀನು.

"ಇಲ್ಲಿ ಅವ್ವ ಮಾತಾಡಿದ್ಲು."

"ಎಲ್ಲಿ?"

"ಮೊದಲ್ನೇದು ಮುಗಿದ ಮೇಲೆ. ನೀರು ಬೇಕು ಅಂದ್ಲು. ನಿನ್ನ ಹೆಸರು ಹೇಳಿದ್ಲು."

"ಹಾಡಲ್ಲದ್ದು ಯಾಕೆ ಅಂತ..." ಹೆಗಡೆಯವರು ಕಣ್ಣು ಬಿಟ್ಟು ತನ್ನತ್ತ ನೋಡುತ್ತಿದ್ದಾರೆಂದು ಅವನಿಗೆ ತಿಳಿಯಿತು. ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು ಅನ್ನಿಸಿತು. "ಯಾಕೆ ಬೇಕು ನಿಂಗೆ ಅದು? ನನ್ನ ಮಾನ ಕಳೀಬೇಕು ಅಂತ ಅಷ್ಟು ದೂರದಿಂದ ಬಂದ್ಯಾ?"

ಅವಳು ಕಿಟಕಿಯ ಹತ್ತಿರಕ್ಕೆ ಬಂದಳು. ಸರಳುಗಳ ಆಚೆ ಅವಳ ಮುಖ, ಸ್ಪೀಕರಿನ ಪಕ್ಕದಲ್ಲಿ. ಅವಳು ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಅವನಿಗೆ ಉತ್ತರವಿತ್ತು.

"ಹಾಡು ನಂಗೂ ಬರ್ತದೆ ಮಾಸ್ತ," ಎಂದಳು. "ಅವ್ವ ಕಲಿಸಿದ್ದಷ್ಟೂ ಬರ್ತದೆ. ಬೇಕಾದಾಗ ಹಾಡ್ಕತೀನಿ. ಅವಳು ಮಾತಾಡಿದ್ದು ಎಲ್ಲೂ ಇಲ್ಲ. ಉಸಿರನ್ನೂ ಬಿಡದೆ ಹಿಡಿಯೋ ಮಶೀನು ಅಂತ ಒಡೇರು ಹೇಳಿದ್ರು, ನನ್ನನ್ನ ಕೆರಿ ಅಂತ ಕರೆದಿದ್ದು ಅದೊಂದೇ ಕಡೆ ಇತ್ತು. ಅದನ್ನ ಕೇಳಕ್ಕೆ ಬಂದಿದ್ದೆ. ಎಲ್ಲಿ ಅದೆ ಆ ತುಂಡು? ಜೇಬಲ್ಲಿದ್ರೆ ಕೊಡು. ನಾನು ಯಾರಿಗೂ ಕೇಳ್ಸದಿಲ್ಲ."

ಅವನ ಕೈ ಜೇಬಿಗೆ ಹೋಯಿತು. ಅಲ್ಲಿ ಬ್ಲೇಡಿನ ಕಾಗದವಿತ್ತು. ಹಿತ್ತಲ ಕಡೆಯಿಂದ ಸುಟ್ಟ ವಾಸನೆ ಇನ್ನೂ ಬರುತ್ತಿತ್ತು. ಅವನು ಆ ಕಡೆ ನೋಡಲಿಲ್ಲ, ಆದರೆ ನೋಡದೆ ಇದ್ದದ್ದು ಅವಳಿಗೆ ಕಂಡಿತು. ಅವಳ ಮೂಗು ಒಮ್ಮೆ ಅರಳಿತು.

ವಾಗ್ದೇವಮ್ಮ ತಂಬಿಗೆ ಹಿಡಿದು ಜಗಲಿಗೆ ಬಂದಳು. "ಬಿಸಿಲಲ್ಲಿ ಬಂದೀಯಲ್ಲ ಕೆರಿಯಮ್ಮ, ಮೊದಲು ನೀರು ಕುಡಿ," ಎಂದಳು. ಕೆರಿಯಮ್ಮ ತಂಬಿಗೆಯನ್ನು ನೋಡಿದಳು. "ಬ್ಯಾಡ ಅಮ್ಮ," ಎಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲಿಳಿದಳು. ಗಿರಣಿಯ ಹೊಟ್ಟಿನ ರಾಶಿಯ ಪಕ್ಕ ಹಾದು ರಸ್ತೆಗೆ ಹೋದಳು. ಹಿಂದೆ ತಿರುಗಲಿಲ್ಲ. ಮಾಸ್ತಪ್ಪ ಕಿಟಕಿಯ ಸರಳು ಹಿಡಿದು ನಿಂತಿದ್ದ. ಓಡಬಹುದಿತ್ತು. ಓಡಬೇಕಾದರೆ ಹೆಗಡೆಯವರ ಎದುರಿನಿಂದ ದಾಟಿ, ಬಾಗಿಲಲ್ಲಿ ಚಪ್ಪಲಿ ಹುಡುಕಿ ಹಾಕಿಕೊಳ್ಳಬೇಕಿತ್ತು. "ಎಂತ ಆತು ಮಾಸ್ತಪ್ಪ?" ಎಂದರು ಹೆಗಡೆಯವರು. "ಏನಿಲ್ಲ ಹೆಗಡೇರೆ, ಅವಳದು ಹಂಗೇ," ಎಂದು ಅವನು ವಯರು ಸುತ್ತತೊಡಗಿದ.

ಸಂಜೆ ಬಸ್ಸಿನಲ್ಲಿ ಅವಳಿರಲಿಲ್ಲ. ಸಾಗರದ ಮನೆಯಲ್ಲಿ ಗೂಟಕ್ಕೆ ಅವಳ ಚೀಲ ತೂಗುತ್ತಿತ್ತು. "ಅಕ್ಕ ಎಲ್ಲಿ? ಅವಳಿಗೂ ಸೇರ್ಸಿ ಅನ್ನ ಇಟ್ಟಿದೀನಿ," ಎಂದಳು ಹೆಂಡತಿ. ಬರ್ತಾಳೆ ಎಂದ. ಅವಳು ಆವತ್ತು ಬರಲಿಲ್ಲ. ಆಮೇಲೆ ಅವಳ ಊರಿಂದ ಬಂದುಹೋಗುವವರ ಕೈಯಲ್ಲಿ ಹೇಳಿ ಕಳಿಸಿದ, ಚೀಲ ಇಲ್ಲೇ ಅದೆ ಅಂತ ಹೇಳಿ ಎಂದು ಕಳಿಸಿದ. ಹೋದವರು ಹೇಳಿದರಂತೆ, ಕೇಳಿಸಿಕೊಂಡಳಂತೆ. ಚೀಲ ತೂಗುತ್ತಲೇ ಇತ್ತು. ಅಂಗಡಿಯಲ್ಲಿ ಅವನು ತನ್ನ ಮಶೀನಿಗೆ ಆ ಹಳೆಯ ಟೇಪು ಹಾಕಿ, ಮೊದಲ ಹಾಡು ಮುಗಿಯುವ ತನಕ ಕಾದು, ಗುಂಗಿನ ಅಡಿಯಲ್ಲಿ ಮಿಸುಕುವ ಆ ಜಾಗಕ್ಕೆ ಬಂದಾಗ ಸ್ಪೀಕರಿನ ಬಟ್ಟೆಗೆ ಕಿವಿಯಿಡುತ್ತಿದ್ದ. ದನಿ ದೊಡ್ಡದು ಮಾಡಿದರೆ ಗುಂಗೂ ದೊಡ್ಡದಾಗುತ್ತಿತ್ತು. ಎದುರಂಗಡಿಯ ಶಂಭು, "ನಿಲ್ಸೋ ಮಾರಾಯ, ತಲೆ ಹಿಡೀತು," ಎಂದು ಕೂಗುವ ತನಕ ಹಾಗೇ ಕೂತಿರುತ್ತಿದ್ದ.